ಹೊಸ್ತಿಲಿನ ಆಚೆಗೆ

ಮನುಷ್ಯನಿಗೆ ಬರುವ ಕಷ್ಟಗಳಲ್ಲಿ ಹೇಳಿಕೊಳ್ಳಬಹುದಾದವು ಕೆಲವು, ಹೇಳಿಕೊಳ್ಳಲಾಗದವು ಕೆಲವು. ಜ್ವರ ಬಂದವನು ಕಂಬಳಿ ಹೊದ್ದು ಮಲಗಿದರೆ ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಕಾಲು ಮುರಿದವನು ಎದುರಾದರೆ ಗುರುತಿಲ್ಲದವರೂ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಆದರೆ ಮನಸ್ಸು ಕುಸಿದವನು ಯಾರಿಗೆ ಏನೆಂದು ಹೇಳಿಯಾನು? ಅವನಿಗೆ ತೋರಿಸಲು ಗಾಯವಿಲ್ಲ, ಅಳೆಯಲು ತಾಪವಿಲ್ಲ. ಧೈರ್ಯ ಮಾಡಿ ಹೇಳಿಕೊಂಡರೂ ಕೇಳಿದವರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಮನೆಯಲ್ಲೇ ಕುಳಿತಿದ್ದರೆ ಹಾಗೇ ಆಗುವುದು. ಎದ್ದು ನಾಲ್ಕು ಹೆಜ್ಜೆ ಓಡಾಡಿ, ಎಲ್ಲ ಸರಿಹೋಗುತ್ತದೆ.”

ಈ ಉತ್ತರ ಸುಳ್ಳಲ್ಲ. ಈ ವಾರ ನಾನು ಬರೆಯಹೊರಟಿರುವುದು ಅದರಲ್ಲಿರುವ ಸತ್ಯವನ್ನು ಕುರಿತೇ. ಆದರೆ ಸತ್ಯವಾದ ಮಾತು ಕೂಡ ಹೇಳುವ ರೀತಿಯಿಂದ ನಿರರ್ಥಕವಾಗಬಹುದು, ಕೆಲವೊಮ್ಮೆ ಕ್ರೂರವೂ ಆಗಬಹುದು. ಇದನ್ನು ನಾನು ಎರಡು ಸಲ ಕಲಿತಿದ್ದೇನೆ: ಮೊದಲು ಆ ಮಾತನ್ನು ಆಡಿದವನಾಗಿ, ಬಹಳ ವರ್ಷಗಳ ಮೇಲೆ ಅದೇ ಮಾತನ್ನು ಕೇಳಿಸಿಕೊಂಡವನಾಗಿ.

ನಾನು ಮೂವತ್ತು ವರ್ಷಕ್ಕೂ ಮೀರಿ ಕಾಲೇಜಿನಲ್ಲಿ ಪಾಠ ಹೇಳಿದವನು. ಆ ದಿನಗಳಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗನಿದ್ದ. ಚೆನ್ನಾಗಿ ಓದಿಕೊಂಡವನು, ಚೊಕ್ಕವಾಗಿ ಬರೆಯುತ್ತಿದ್ದವನು. ದಸರಾ ರಜೆಯ ಮೇಲೆ ಅವನ ಹಾಜರಿ ಕಡಿಮೆಯಾಗತೊಡಗಿತು. ಬಂದ ದಿನವೂ ಪುಸ್ತಕ ತೆರೆಯದೆ ಕುಳಿತಿರುತ್ತಿದ್ದ. ನಾನು ಅವನನ್ನು ಉಪಾಧ್ಯಾಯರ ಕೊಠಡಿಗೆ ಕರೆಸಿ, ಇತರ ಅಧ್ಯಾಪಕರು ಕೇಳುವಂತೆಯೇ ದೊಡ್ಡದೊಂದು ಉಪದೇಶ ಮಾಡಿದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ಮೈದಾನಕ್ಕೆ ಹೋಗಿ ಓಡಬೇಕು, ದಂಡೆ ಹೊಡೆಯಬೇಕು. ಸೋಮಾರಿತನವೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ತಾನಾಗಿ ಬರುತ್ತದೆ ಎಂದೆ. ಅವನು ಕಿಟಕಿಯ ಕಡೆ ನೋಡುತ್ತ “ಆಗಲಿ ಸಾರ್” ಎಂದ. ಮಾರನೆಯ ದಿನದಿಂದ ಬರಲಿಲ್ಲ, ಪರೀಕ್ಷೆಗೂ ಕೂರಲಿಲ್ಲ. ಊರಿಗೆ ಹೊರಟುಹೋದನೆಂದು ಯಾರೋ ಹೇಳಿದರು. ಒಳ್ಳೆಯ ಹುಡುಗನೊಬ್ಬ ಸೋಮಾರಿತನದಿಂದ ಕೆಟ್ಟ ಎಂದುಕೊಂಡು ನಾನು ಅವನನ್ನು ಮರೆತೆ.

ಎರಡನೆಯ ಪಾಠ ನಾನು ನಿವೃತ್ತನಾದ ಮರುವರ್ಷ ಬಂತು. ನಮ್ಮ ಮನೆ ಇರುವುದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ಲಷ್ಕರ್ ಎಂದರೆ ಸೈನ್ಯ. ಹೆಸರಿಗೆ ತಕ್ಕಂತೆ ಇಲ್ಲಿ ಬೆಳಗಿನ ಜಾವದಿಂದಲೇ ಸದ್ದುಗದ್ದಲ. ಮಸೀದಿಯ ಬಾಂಗು, ಸೇಂಟ್ ಫಿಲೋಮಿನಾ ಚರ್ಚಿನ ಗಂಟೆ, ಹಾಲಿನವರ ಸೈಕಲ್ಲು, ಅಶೋಕ ರಸ್ತೆಯ ಕಡೆಗೆ ಹೋಗುವ ಕೈಗಾಡಿಗಳು, ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಅರ್ಧ ಆಯುಷ್ಯವನ್ನು ಈ ಸದ್ದಿನಲ್ಲಿ ಸುಖವಾಗಿ ಕಳೆದವನಿಗೆ ಆ ವರ್ಷ ಅದೆಲ್ಲವೂ ಗೋಡೆಯ ಆಚೆಯಿಂದ, ಬೇರೆ ಯಾರದೋ ಊರಿನಿಂದ ಬಂದಂತೆ ಕೇಳತೊಡಗಿತು. ದಿನಪತ್ರಿಕೆ ಮಡಿಕೆ ಬಿಚ್ಚದೆ ಉಳಿಯಿತು. ಗಡ್ಡ ಬೆಳೆಯಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಾಗುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಬೆಳಗಾದರೆ ಏಳುವುದಕ್ಕೆ ಆಗುತ್ತಿರಲಿಲ್ಲ.

ದುಃಖಕ್ಕೆ ಕಾರಣ ಇದ್ದಿದ್ದರೆ ಅಷ್ಟರಮಟ್ಟಿಗೆ ಸಮಾಧಾನವಿರುತ್ತಿತ್ತು. ಪಿಂಚಣಿ ಸಕಾಲಕ್ಕೆ ಬರುತ್ತಿತ್ತು, ಮಕ್ಕಳು ನೆಲೆಗೊಂಡಿದ್ದರು, ಮನೆಯವರು ಆರೋಗ್ಯವಾಗಿದ್ದರು. ಕಾರಣವಿಲ್ಲದೆ ಬಂದ ಈ ಭಾರವನ್ನು ಕಂಡು ನನಗೇ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಮಂಚದಿಂದ ಬೀದಿಯ ಬಾಗಿಲಿಗೆ ಹೆಚ್ಚೆಂದರೆ ಹನ್ನೆರಡು ಅಡಿ. ವಯಸ್ಸಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲೆಂಬಂತೆ ಹತ್ತಿದವನಿಗೆ ಆ ಹನ್ನೆರಡು ಅಡಿ ದಾಟಲಾಗಲಿಲ್ಲ. ನೋಡಲು ಬಂದ ಮಿತ್ರರು ತಪ್ಪದೆ ಹೇಳಿದರು: ಎದ್ದು ಓಡಾಡಿ, ವ್ಯಾಯಾಮ ಮಾಡಿ. ನಾನು ಕಿಟಕಿಯ ಕಡೆ ನೋಡುತ್ತ “ಆಗಲಿ” ಎಂದೆ. ಹಾಗೆ ಹೇಳಿದ ಕ್ಷಣದಲ್ಲಿ ಆ ಹುಡುಗ ನೆನಪಿಗೆ ಬಂದ. ನನ್ನ ಉಪದೇಶದ ಹೊತ್ತಿನಲ್ಲಿ ಅವನು ಕಿಟಕಿಯಾಚೆ ಏನನ್ನು ನೋಡುತ್ತಿದ್ದನೆಂಬುದು ಅಂದು ನನಗೆ ತಿಳಿಯಿತು. ಅವನು ಏನನ್ನೂ ನೋಡುತ್ತಿರಲಿಲ್ಲ.

ಮನೆಯವರು ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ಇದಕ್ಕೆ ಖಿನ್ನತೆ ಎಂದು ಹೆಸರಿಟ್ಟು, ಇದು ರೋಗವೇ ಹೊರತು ಸ್ವಭಾವದೋಷವಲ್ಲವೆಂದು ತಿಳಿಸಿ, ಮಾತ್ರೆ ಬರೆದುಕೊಟ್ಟರು. ದಿನವೂ ನಡೆಯಬೇಕೆಂದೂ ಹೇಳಿದರು. ಮಾತ್ರೆಯನ್ನು ಮನೆಯಾಕೆ ಕೈಗೆ ಕೊಟ್ಟು ನುಂಗಿಸುತ್ತಿದ್ದಳು. ನಡಿಗೆಯನ್ನು ಹಾಗೆ ಕೈಗೆ ಕೊಡುವವರು ಯಾರು?

ಅದನ್ನು ಕೊಟ್ಟವರು ಹಿಂದಿನ ಗಲ್ಲಿಯ ಸಾಹೇಬರು. ಮೋಟಾರು ರಿಪೇರಿ ಕೆಲಸ ಮಾಡಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದ ವೃದ್ಧರು. ಅಲ್ಲಿಯವರೆಗೆ ನಮ್ಮ ಪರಿಚಯ ಎದುರಾದಾಗ ತಲೆಯಾಡಿಸುವಷ್ಟು ಮಾತ್ರ. ಒಂದು ಬೆಳಿಗ್ಗೆ ಅವರು ನಮ್ಮ ಜಗಲಿಯ ಮುಂದೆ ಬಂದು ನಿಂತು, “ಮೇಷ್ಟ್ರೇ, ಒಬ್ಬನೇ ಹೋಗೋಕೆ ಬೇಜಾರು. ಮೂಲೆ ಅಂಗಡಿ ತನಕ ಬನ್ನಿ, ಸಾಕು” ಎಂದರು. ಆಗುವುದಿಲ್ಲವೆಂದೆ. “ಸರಿ ಹಾಗಾದ್ರೆ, ನಾಳೆ” ಎಂದು ಹೊರಟುಹೋದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಏಕೆ ಹೀಗಿದ್ದೀರಿ ಎಂದು ಕೇಳಲಿಲ್ಲ, ನಡೆದರೆ ಒಳ್ಳೆಯದೆಂದು ಹೇಳಲೂ ಇಲ್ಲ. ನಾಲ್ಕನೆಯ ದಿನ ನಾನು ಚಪ್ಪಲಿ ಮೆಟ್ಟಿದ್ದು ಉತ್ಸಾಹದಿಂದಲ್ಲ, ಹಿರಿಯರನ್ನು ಮತ್ತೆ ಬರಿಗೈಯಲ್ಲಿ ಕಳಿಸುವ ಸಂಕೋಚದಿಂದ.

ಮೂಲೆಯ ಅಂಗಡಿಯಲ್ಲಿ ಅರ್ಧರ್ಧ ಲೋಟ ಟೀ ಕುಡಿದೆವು. ನಾನು ದಣಿಯುವ ಮೊದಲೇ ಅವರು “ಇವತ್ತಿಗೆ ಸಾಕು” ಎಂದು ಹಿಂದಿರುಗಿದರು. ಇದರಲ್ಲಿದ್ದ ಜಾಣತನ ನನಗೆ ಆಮೇಲೆ ಹೊಳೆಯಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಎಳೆದಿದ್ದರೆ ಮರುದಿನ ನಾನು ಬಾಗಿಲು ತೆರೆಯುತ್ತಿರಲಿಲ್ಲ. ಹತ್ತು ದಿನಗಳ ಮೇಲೆ ಚರ್ಚಿನವರೆಗೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಆ ಚರ್ಚಿನ ಜೋಡಿ ಗೋಪುರಗಳು 175 ಅಡಿ ಎತ್ತರದವು. ಅವನ್ನು ನೋಡಬೇಕಾದರೆ ಕತ್ತು ಎತ್ತಲೇಬೇಕು. ತಿಂಗಳುಗಳಿಂದ ನೆಲವನ್ನೋ ಗೋಡೆಯನ್ನೋ ನೋಡಿಕೊಂಡಿದ್ದ ಕಣ್ಣಿಗೆ ಆಕಾಶ ಇದೆಯೆಂಬುದು ಅಂದು ಕಂಡಿತು. ಆನಂದವಾಯಿತೆಂದು ಬರೆದರೆ ಸುಳ್ಳಾದೀತು, ಕಂಡಿತು, ಅಷ್ಟೆ.

ಮೊದಲು ಮರಳಿ ಬಂದ ಭಾವ ಸಂತೋಷವೆಂದು ಓದುಗರು ಊಹಿಸಬಹುದು. ನನ್ನ ಅನುಭವದಲ್ಲಿ ಮೊದಲು ಮರಳಿದ್ದು ಸಿಟ್ಟು. ಒಂದು ದಿನ ಅಶೋಕ ರಸ್ತೆಯಲ್ಲಿ ಆಟೋರಿಕ್ಷಾ ಒಂದು ನನ್ನ ಪಂಚೆಗೆ ಕೆಸರು ಹಾರಿಸಿ ಹೋಯಿತು. ನಾನು ಜೋರಾಗಿ ಬೈದೆ. ಸಾಹೇಬರು ನಕ್ಕುಬಿಟ್ಟರು. “ಈಗ ಪರವಾಗಿಲ್ಲ ಮೇಷ್ಟ್ರೇ” ಎಂದರು. ಆಮೇಲೆ ಹಸಿವು ಬಂತು, ನಿದ್ರೆ ಬಂತು, ಪುಸ್ತಕದ ಆಸೆ ಎಲ್ಲಕ್ಕಿಂತ ಕೊನೆಗೆ ಬಂತು. ನಡುವೆ ಮತ್ತೆ ಮುಗ್ಗರಿಸಿ ವಾರಗಟ್ಟಲೆ ಮಲಗಿದ್ದೂ ಉಂಟು. ಆ ವಾರವೂ ಬೆಳಿಗ್ಗೆ ಆರೂವರೆಗೆ ಸಾಹೇಬರು ಜಗಲಿಯ ಮುಂದೆ ನಿಂತು “ಸರಿ, ನಾಳೆ” ಎಂದು ಹೇಳಿ ಹೋಗುತ್ತಿದ್ದರು. ಅವರು ಅಷ್ಟು ಹೊತ್ತಿಗಾಗಲೇ ತಮ್ಮ ದಿನದ ನಡಿಗೆಯನ್ನು ಮುಗಿಸಿರುತ್ತಿದ್ದರೆಂದೂ, ನನಗಾಗಿ ಎರಡನೆಯ ಸಲ ಹೊರಡುತ್ತಿದ್ದರೆಂದೂ ಮನೆಯಾಕೆ ನನಗೆ ತಿಳಿಸಿದ್ದು ವರ್ಷ ಕಳೆದ ಮೇಲೆ.

ಇದು ಒಬ್ಬನ ಕಥೆ. ಒಬ್ಬನ ಕಥೆಯಿಂದ ಸಿದ್ಧಾಂತ ಕಟ್ಟಬಾರದು. ಆದ್ದರಿಂದ ತಿಳಿದವರು ಪರೀಕ್ಷಿಸಿ ಹೇಳಿರುವುದನ್ನೂ ನೋಡೋಣ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ 50 ವರ್ಷ ದಾಟಿದ 156 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಔಷಧ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಎರಡನ್ನೂ ಕೊಟ್ಟರು. ಮೊದಲ ಕೆಲವು ವಾರಗಳಲ್ಲಿ ಔಷಧದವರು ಬೇಗ ಚೇತರಿಸಿಕೊಂಡರು. ಆದರೆ 16 ವಾರಗಳ ಕೊನೆಗೆ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಇಂಥ 218 ಅಧ್ಯಯನಗಳನ್ನು, 14,170 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗಿತು. ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವಂಥ ಬಲಸಾಧನೆ, ಇವು ಉಳಿದವುಗಳಿಗಿಂತ ಹೆಚ್ಚು ಫಲ ಕೊಟ್ಟವೆಂದೂ, ಶ್ರಮ ಹೆಚ್ಚಿದಷ್ಟೂ ಫಲ ಹೆಚ್ಚೆಂದೂ, ಹಗುರವಾದ ನಡಿಗೆಯೂ ವ್ಯರ್ಥವಲ್ಲವೆಂದೂ ಅದರಿಂದ ತಿಳಿದುಬಂತು.

ಹೀಗೇಕೆ ಆಗುತ್ತದೆಂಬುದಕ್ಕೆ ಒಂದೇ ಉತ್ತರವಿಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದೊಳಗಿನ ಗಡಿಯಾರ ಸರಿಹೊಂದಿ ರಾತ್ರಿಯ ನಿದ್ರೆ ಸುಧಾರಿಸುತ್ತದೆ. ದಣಿದ ಮೈ ನಿದ್ರೆಯನ್ನು ಕೇಳುತ್ತದೆ. ತನ್ನೊಳಗೇ ಸುತ್ತುತ್ತಿದ್ದ ಗಮನ ಹೊರಗಿನ ಮರ, ಮನುಷ್ಯ, ಗಾಡಿಗಳ ಕಡೆಗೆ ತಿರುಗಲೇಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮನಶ್ಶಾಸ್ತ್ರಜ್ಞರು ಕಳೆದ ಐವತ್ತು ವರ್ಷಗಳಿಂದ ಹೇಳುತ್ತ ಬಂದಿರುವ ಒಂದು ಮಾತು: ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆಂದು ಖಿನ್ನನಾದವನು ಕಾಯುತ್ತಾನೆ, ಮನಸ್ಸಾದರೋ ಕೆಲಸದ ಹಿಂದೆ ಬರುತ್ತದೆ. ಮೊದಲು ಕಾಲು ಹೊರಡಬೇಕು.

ಇದನ್ನು ಮೈಸೂರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು. ಅವರ ‘ಯೋಗ ಮಕರಂದ’ 1934ರಲ್ಲಿ ಇಲ್ಲಿಯೇ, ಕನ್ನಡದಲ್ಲಿಯೇ ಹೊರಬಂತು. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಬೇಸಾಯದ ನೀರಿಗಾಗಿ. ಇಂದು ಅದರ ಏರಿಯ ಮೇಲೆ ಬೆಳಗು ಬೈಗು ನಡೆಯುವವರನ್ನು ಕಂಡರೆ ಆ ನೀರು ಬೇರೊಂದು ಬೆಳೆಗೂ ಒದಗಿತೆನ್ನಬೇಕು. ಆ ಕೆರೆಯ ದಂಡೆಯಲ್ಲಿ ನಿತ್ಯ ನಡೆದಾಡಿದವರಲ್ಲಿ ಕುವೆಂಪು ಒಬ್ಬರೆಂಬುದು ನಮ್ಮ ವಿದ್ಯಾರ್ಥಿಗಳಿಗೆಲ್ಲ ತಿಳಿದ ವಿಷಯ.

ಇನ್ನು ನಮ್ಮ ಗರಡಿಮನೆಗಳು. ಗರಡಿಗೆ ಬಂದ ಹುಡುಗನನ್ನು ಉಸ್ತಾದರು “ಇವತ್ತು ನಿನಗೆ ಮನಸ್ಸಿದೆಯೆ?” ಎಂದು ಕೇಳುವುದಿಲ್ಲ. ಹೊತ್ತಿಗೆ ಬರಬೇಕು, ಮಟ್ಟಿಯ ಕೆಮ್ಮಣ್ಣನ್ನು ಅಗೆದು ಹದ ಮಾಡಬೇಕು, ಜೊತೆಯವರೊಡನೆ ಸಾಮು ತೆಗೆಯಬೇಕು. ಹೊತ್ತು, ಜೊತೆ, ನೋಡಿಕೊಳ್ಳುವ ಹಿರಿಯ, ಈ ಮೂರನ್ನೂ ಗರಡಿ ಕೊಡುತ್ತಿತ್ತು. ಡ್ಯೂಕ್ ವಿಶ್ವವಿದ್ಯಾನಿಲಯದ ರೋಗಿಗಳೂ ವಾರಕ್ಕೆ ಮೂರು ದಿನ ಗೊತ್ತಾದ ಹೊತ್ತಿಗೆ ಬಂದು, ಗುಂಪಿನಲ್ಲಿ, ಮೇಲ್ವಿಚಾರಕರೆದುರು ವ್ಯಾಯಾಮ ಮಾಡಿದವರೆಂಬುದನ್ನು ಇಲ್ಲಿ ನೆನೆಯಬೇಕು. “ವ್ಯಾಯಾಮ ಮಾಡು” ಎಂಬ ಬರಿಯ ಮಾತನ್ನು ಅವರಿಗೆ ಕೊಟ್ಟು ಕಳಿಸಿರಲಿಲ್ಲ.

ಒಂಟಿಯಾಗಿ ನಡೆದವನಿಗೆ ಏನಾಗಬಹುದೆಂಬುದಕ್ಕೆ ಸಾಹಿತ್ಯದ ಚರಿತ್ರೆಯಲ್ಲಿಯೇ ಒಂದು ಪ್ರಸಂಗವುಂಟು. ಡಾಕ್ಟರ್ ಜಾನ್ಸನ್ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, 1729ರಲ್ಲಿ, ಘೋರವಾದ ವಿಷಾದಕ್ಕೆ ಸಿಕ್ಕಿದ. ಅದನ್ನು ಗೆಲ್ಲಲೆಂದು ತನ್ನ ಊರಾದ ಲಿಚ್‌ಫೀಲ್ಡಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ ಬರುವ ಸುಮಾರು 32 ಮೈಲಿಯನ್ನು ಮತ್ತೆ ಮತ್ತೆ ನಡೆದ. ಜೀವನಚರಿತ್ರೆ ಬರೆದ ಬಾಸ್ವೆಲ್ ಇದನ್ನು ಹೇಳಿ, ಅದರಿಂದ ಪ್ರಯೋಜನವಾಗಲಿಲ್ಲವೆಂದೂ ಪ್ರಾಮಾಣಿಕವಾಗಿ ಸೇರಿಸುತ್ತಾನೆ. ಆ ಜಾನ್ಸನ್ ಮುಂದೆ ಆಯುಷ್ಯದುದ್ದಕ್ಕೂ ಗೆಳೆಯರ ಗುಂಪನ್ನು ಬಿಟ್ಟು ಮನೆಗೆ ಹೋಗಲು ಹೆದರುತ್ತಿದ್ದ. ಮೈಲಿಗಳು ಮಾಡಲಾರದ್ದನ್ನು ಗೆಳೆಯರು ಅಷ್ಟಿಷ್ಟಾದರೂ ಮಾಡಿದರೆಂದು ನನಗೆ ತೋರುತ್ತದೆ.

ನಮ್ಮಲ್ಲಿಯೂ ಇದಕ್ಕಿಂತ ಹಿರಿದಾದ ನಿದರ್ಶನವಿದೆ. ಗೀತೆಯ ಮೊದಲನೆಯ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ಕೈಕಾಲು ಸೋತು, ಬಾಯಿ ಒಣಗಿ, ಮೈ ನಡುಗಿ, ಬಿಲ್ಲು ಜಾರಿ, ಅರ್ಜುನ ರಥದಲ್ಲಿ ಕುಸಿದು ಕುಳಿತ. ಕೃಷ್ಣ ಮೊದಲು ಮಾಡಿದ್ದೇನು? ನಾವೆಲ್ಲರೂ ಮಾಡುವುದನ್ನೇ ಮಾಡಿದ: ಇದು ನಿನಗೆ ತಕ್ಕುದಲ್ಲ, ದೌರ್ಬಲ್ಯವನ್ನು ಬಿಟ್ಟು ಏಳು ಎಂದು ಛೇಡಿಸಿದ. ಅರ್ಜುನ ಏಳಲಿಲ್ಲ. ತಾನು ಯುದ್ಧ ಮಾಡುವುದಿಲ್ಲವೆಂದು ಹೇಳಿ ಸುಮ್ಮನಾದ. ಸಾಕ್ಷಾತ್ ಭಗವಂತನ ಬಾಯಿಂದ ಬಂದಾಗಲೂ ಆ ಬಗೆಯ ಮಾತು ಕೆಲಸ ಮಾಡಲಿಲ್ಲ. ಆಮೇಲೆ ಕೃಷ್ಣ ರಥ ಬಿಟ್ಟು ಹೋಗಲಿಲ್ಲ. ಉಳಿದಷ್ಟೂ ಅಧ್ಯಾಯಗಳಲ್ಲಿ ಗೆಳೆಯನ ಪಕ್ಕದಲ್ಲಿದ್ದು ಅವನ ಪ್ರಶ್ನೆಗಳಿಗೆ ಕಿವಿಗೊಟ್ಟ. ಅರ್ಜುನ ಎದ್ದದ್ದು ಹದಿನೆಂಟನೆಯ ಅಧ್ಯಾಯದ ಕೊನೆಗೆ. ಗೀತೆಯ ತತ್ತ್ವವನ್ನು ವಿವರಿಸುವ ಅಧಿಕಾರ ನನಗಿಲ್ಲ. ಆದರೆ ಗೆಳೆಯನನ್ನು ಎಬ್ಬಿಸುವುದಕ್ಕೆ ಎಷ್ಟು ಹೊತ್ತು ಪಕ್ಕದಲ್ಲಿರಬೇಕಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಅಳತೆ ನನಗೆ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ನಡಿಗೆ ಔಷಧದ ಶತ್ರುವಲ್ಲ. ನಾನು ಮಾತ್ರೆಯನ್ನು ವೈದ್ಯರು ಹೇಳಿದಷ್ಟು ಕಾಲವೂ ಬಿಡದೆ ತೆಗೆದುಕೊಂಡೆ. ವ್ಯಾಯಾಮ ಆರಂಭಿಸಿದೆನೆಂದು ತಾವಾಗಿಯೇ ಔಷಧ ನಿಲ್ಲಿಸುವುದು ಅಪಾಯಕರ. ಬದುಕೇ ಬೇಡವೆಂಬ ಮಾತು ಯಾರ ಬಾಯಲ್ಲಿಯಾದರೂ ಬಂದರೆ ಅದು ವಾಯುಸಂಚಾರಕ್ಕೆ ಕರೆದೊಯ್ಯುವ ಸಮಯವಲ್ಲ, ಅವರೊಬ್ಬರನ್ನೇ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯುವ ಸಮಯ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ದೂರವಾಣಿ 14416. ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಅಲ್ಲಿ ಮಾತನಾಡಬಹುದು.

ಮತ್ತೊಂದು ಮಾತು. ನಡೆಯಿರಿ ಎನ್ನುವ ಊರು ನಡೆಯಲು ಜಾಗವನ್ನೂ ಕೊಡಬೇಕು. ಪೇಟೆಯ ಬೀದಿಗಳಲ್ಲಿ ಕಾಲುದಾರಿಯೆಂಬುದು ಸಾಮಾನು ಇಡುವ, ಮೋಟಾರು ಸೈಕಲ್ ನಿಲ್ಲಿಸುವ ಜಾಗವಾಗಿದೆ. ನಾನು ಸಾಹೇಬರೊಡನೆ ಹೊರಟಂತೆ ನಮ್ಮ ಮನೆಯಾಕೆ ಬೆಳಿಗ್ಗೆ ಆರೂವರೆಗೆ ಕೈ ಬೀಸಿಕೊಂಡು ಹೊರಡುವುದು ಸುಲಭವೆ? ಒಲೆಯ ಮೇಲೆ ಹಾಲಿರುತ್ತದೆ, ಬೀದಿಯಲ್ಲಿ ನೋಡುವ ಕಣ್ಣುಗಳಿರುತ್ತವೆ. ಈ ಮೊಹಲ್ಲಾದಲ್ಲಿ ಎಷ್ಟೋ ಹೆಂಗಸರ ನಡಿಗೆ ಇಂದಿಗೂ ತಾರಸಿಯ ನಾಲ್ಕು ಮೂಲೆಗಳ ನಡುವೆಯೇ ನಡೆಯುತ್ತದೆ. ಖಿನ್ನತೆ ಗಂಡು ಹೆಣ್ಣೆಂದು ನೋಡುವುದಿಲ್ಲ. ಹೆಂಗಸರಲ್ಲಿ ಅದು ಹೆಚ್ಚೆಂದೇ ವೈದ್ಯರು ಹೇಳುತ್ತಾರೆ. ಔಷಧ ಬೀದಿಯಲ್ಲಿದ್ದು ರೋಗಿ ಮನೆಯೊಳಗಿದ್ದರೆ ಅದನ್ನು ತಂದುಕೊಡುವುದು ಮನೆಯವರ ಹೊಣೆ. ಬೆಳಗಿನ ಕಾಫಿಯನ್ನು ಗಂಡಸು ಕಾಸಿದರೆ ಅರ್ಧ ಗಂಟೆ ಸಿಕ್ಕೀತು. ನಾನು ಇದನ್ನು ತಡವಾಗಿ ಕಲಿತೆ. ಕಾಫಿ ಮೊದಮೊದಲು ಚೆನ್ನಾಗಿರಲಿಲ್ಲ.

ಈ ಪುಟವನ್ನು ಓದುವವರಲ್ಲಿ ಅನೇಕರು ಅಧ್ಯಾಪಕರು, ವಿದ್ಯಾರ್ಥಿಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 20ಕ್ಕೆ ಒಬ್ಬರು ಜೀವನದಲ್ಲಿ ಎಂದಾದರೊಮ್ಮೆ ಖಿನ್ನತೆಗೆ ಒಳಗಾದವರು. ಈ ಲೆಕ್ಕವನ್ನು ಹಾಗೆಯೇ ಒಂದು ತರಗತಿಗೆ ಅನ್ವಯಿಸುವುದು ಸರಿಯಲ್ಲ. ಆದರೂ ಅರವತ್ತು ಜನರ ತರಗತಿಯಲ್ಲಿ ಕಿಟಕಿಯ ಕಡೆ ನೋಡುವವನು ಯಾರೂ ಇಲ್ಲವೆಂದು ಯಾವ ಅಧ್ಯಾಪಕನೂ ನಿಶ್ಚಿಂತನಾಗಿರುವಂತಿಲ್ಲ.

ಅಂಥವನು ಕಂಡರೆ ಅವನನ್ನು ಉಪಾಧ್ಯಾಯರ ಕೊಠಡಿಗೆ ಕರೆಸಬೇಡಿ. ಹಾಜರಿ ಪುಸ್ತಕವನ್ನು ಮುಂದೆ ಹಿಡಿಯಬೇಡಿ. ಸಂಜೆ ಗಂಟೆ ಹೊಡೆದ ಮೇಲೆ, “ನಾನೂ ಆ ಕಡೆಗೇ ಹೊರಟಿದ್ದೇನೆ, ಬಸ್ ನಿಲ್ದಾಣದ ತನಕ ಬಾರಪ್ಪ” ಎಂದು ಕರೆಯಿರಿ. ಬಂದರೆ ಹವೆಯ ಬಗ್ಗೆಯೋ ಕ್ರಿಕೆಟ್ಟಿನ ಬಗ್ಗೆಯೋ ಮಾತಾಡುತ್ತ, ಅವನ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡು ನಡೆಯಿರಿ. ಬರದಿದ್ದರೆ “ಸರಿ, ನಾಳೆ” ಎನ್ನಿ, ನಾಳೆ ಮರೆಯಬೇಡಿ. ನಾನು ಆ ಹುಡುಗನಿಗೆ ಹದಿನೈದು ನಿಮಿಷ ಉಪದೇಶ ಮಾಡಿದೆ. ಬಸ್ ನಿಲ್ದಾಣ ನಮ್ಮ ಕಾಲೇಜಿನಿಂದ ಹತ್ತು ನಿಮಿಷದ ದಾರಿಯಾಗಿತ್ತು.